ಸುಣ್ಣದ ಗಾರೆ, ಕೆಂಪು ನೆಲ: ನಮ್ಮ ಲಕ್ಷ್ಮೀಪುರಂ ಮನೆ ರಿಪೇರಿ, ಎರಡು ಮಳೆಗಾಲದ ನಂತರ

ನಮ್ಮ ಮನೆಯ ಉತ್ತರದ ಗೋಡೆ ಒಣಗಿದೆ. ಈ ಒಂದು ಮಾತು ಬರೆಯಲು ಎರಡು ಮಳೆಗಾಲ ಕಾದೆ. ರಿಪೇರಿ ಮುಗಿದ ವಾರಕ್ಕೆ ಎಲ್ಲ ಮನೆಯೂ ಚೆನ್ನಾಗಿಯೇ ಕಾಣುತ್ತದೆ. ಮೈಸೂರಿನಲ್ಲಿ ಗೋಡೆಯ ಬಂಡವಾಳ ಗೊತ್ತಾಗುವುದು ಮೇ ತಿಂಗಳ ಗುಡುಗು ಮಳೆಗೆ, ಆಮೇಲೆ ದಸರಾ ಸುತ್ತಮುತ್ತಲ ಮಳೆಗೆ. ನಾವು ಮನೆಗೆ ವಾಪಸ್ ಬಂದದ್ದು 2024ರ ವರಮಹಾಲಕ್ಷ್ಮಿ ಹಬ್ಬಕ್ಕೆ. ಈಗ 2025ರ ದೀಪಾವಳಿಯೂ ಮುಗಿಯಿತು. ಇನ್ನು ಧೈರ್ಯವಾಗಿ ಬರೆಯಬಹುದು ಅನ್ನಿಸಿತು.

ಕೆಲಸ ಮಾಡಿದ್ದು ಒಂದು ಚಿಕ್ಕ ತಂಡ. ಅರವತ್ತು ದಾಟಿದ ಮೇಸ್ತ್ರಿ, ಅವರ ಮಗ, ಇಬ್ಬರು ಗಾರೆಯವರು, ಮೂರು ಜನ ಹೆಂಗಸರು. ಟಿ.ನರಸೀಪುರದ ಕಡೆಯವರು. ಸುಣ್ಣದ ಗಾರೆ ಮತ್ತು ರೆಡ್ ಆಕ್ಸೈಡ್ ನೆಲ, ಅಂದರೆ ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ ಮಾಡುವ ನೆಲ, ಅವರ ಕಸುಬು. ಮೇಸ್ತ್ರಿಯವರ ಹೆಸರು, ನಂಬರ್ ಇಲ್ಲಿ ಹಾಕುತ್ತಿಲ್ಲ. ಅವರೇ ಬೇಡ ಎಂದರು. ಒಂದು ಸಲಕ್ಕೆ ಒಂದೇ ಮನೆ ಹಿಡಿಯುತ್ತಾರೆ, ಫೋನ್ ಜಾಸ್ತಿ ಬಂದರೆ ಕೆಲಸ ನಿಲ್ಲುತ್ತದೆ ಎನ್ನುತ್ತಾರೆ.

ಮನೆ ನಮ್ಮ ಯಜಮಾನರ ತಾತ 1938ರಲ್ಲಿ ಕಟ್ಟಿಸಿದ್ದು. ಹಳೆ ಪತ್ರಗಳಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಎಂಬ ಮೊಹರಿದೆ. ಊರಿನ ಬಡಾವಣೆಗಳನ್ನು ಮಾಡುತ್ತಿದ್ದ ಆ ಬೋರ್ಡು ಮೈಸೂರಿನಲ್ಲಿ ಶುರುವಾದದ್ದು 1903ರಲ್ಲಿ. ಗೋಡೆಗಳು 14 ಇಂಚು ದಪ್ಪ, ಇಟ್ಟಿಗೆ ಮತ್ತು ಸುಣ್ಣದವು. ಮೇಲೆ ಮದ್ರಾಸ್ ತಾರಸಿ. ಅಂದರೆ ತೇಗದ ತೊಲೆಗಳನ್ನು ಸಾಲಾಗಿ ಜೋಡಿಸಿ, ಅದರ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಸುಣ್ಣದಲ್ಲಿ ಕೂರಿಸುವುದು. ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಗಾರೆ. ಒಳಗೆ ಮಲಗಿ ತಲೆಯೆತ್ತಿ ನೋಡಿದರೆ ಇಟ್ಟಿಗೆಯ ಸಾಲು ಕಾಣುತ್ತದೆ. ಮುಂದಿನ ಜಗಲಿಗೆ ಮಾತ್ರ ಮಂಗಳೂರು ಹೆಂಚು.

ಆ ಹೆಂಚಿನದೇ ಒಂದು ಕಥೆ. ಕೆಳಗಿಳಿಸಿದಾಗ ಹಿಂಬದಿಯಲ್ಲಿ ಬಾಸೆಲ್ ಮಿಷನ್ ಎಂಬ ಅಚ್ಚು, ಜೊತೆಗೆ 1865. ಯಜಮಾನರು ಹೆಂಚು ಅಷ್ಟು ಹಳೆಯದು ಎಂದು ಕುಣಿದಾಡಿದರು. 1865 ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಹೆಂಚಿನ ಕಾರ್ಖಾನೆ ಶುರುವಾದ ವರ್ಷ, ಹೆಂಚು ಸುಟ್ಟ ವರ್ಷ ಅಲ್ಲ. ಆದರೆ ಮೊದಲ ಮಹಾಯುದ್ಧದ ಕಾಲಕ್ಕೇ ಆ ಕಾರ್ಖಾನೆಗಳು ಮಿಷನ್ ಕೈಬಿಟ್ಟು ಹೋಗಿದ್ದವು. ಹಾಗಾದರೆ 1938ರಲ್ಲಿ ಮನೆ ಕಟ್ಟಿದ ತಾತ ಯಾವುದೋ ಹಳೆ ಕಟ್ಟಡದ ಹೆಂಚು ಕೊಂಡು ತಂದಿರಬೇಕು, ಅಲ್ವಾ? ಇದು ಹೊಳೆದ ಮೇಲೆ ನನಗೆ ಆ ತಾತನ ಮೇಲೆ ಪ್ರೀತಿ ಇನ್ನೂ ಹೆಚ್ಚಾಯಿತು. ಅವರನ್ನು ನಾನು ನೋಡಿಲ್ಲ. ಸುಮಾರು 900 ಹೆಂಚಿನಲ್ಲಿ ಒಡೆದದ್ದು 70 ಮಾತ್ರ. ಉಳಿದದ್ದನ್ನು ಬ್ರಷ್‌ನಲ್ಲಿ ಉಜ್ಜಿ, ಪಾಚಿ ತೆಗೆದು, ಮತ್ತೆ ಅಲ್ಲೇ ಹೊದಿಸಿದರು.

ಈಗ ಏನು ಕೆಟ್ಟಿತ್ತು ಎಂದು ಹೇಳುತ್ತೇನೆ. ಇದೇ ತೊಂದರೆ ಇರುವವರು ಬಹಳ ಜನ ಇದ್ದೀರಿ ಎಂದು ನನಗೆ ಗೊತ್ತು.

ಉತ್ತರದ ಗೋಡೆಯಲ್ಲಿ ನೆಲದಿಂದ ಮೂರಡಿವರೆಗೆ ಸದಾ ಥಂಡಿ. 2019ರಲ್ಲಿ ಒಬ್ಬ ಕಾಂಟ್ರಾಕ್ಟರ್ ಬಂದು, ಹಳೆ ಸುಣ್ಣದ ಗಾರೆಯನ್ನು ಕೆತ್ತಿ, ವಾಟರ್‌ಪ್ರೂಫ್ ಪುಡಿ ಬೆರೆಸಿದ ಸಿಮೆಂಟ್ ಪ್ಲಾಸ್ಟರ್ ಮಾಡಿ, ಪುಟ್ಟಿ ಎಳೆದು, ತೊಳೆಯಬಹುದಾದ ಪೇಂಟ್ ಹೊಡೆದರು. 2 ಲಕ್ಷ 80 ಸಾವಿರ ಆಯಿತು. ಒಂದು ವರ್ಷ ಫಳಫಳ ಅಂತಿತ್ತು. ಎರಡನೆಯ ಮಳೆಗಾಲಕ್ಕೆ ಪೇಂಟ್ ಹಪ್ಪಳದ ಹಾಗೆ ಉಬ್ಬಿತು. ಬೆರಳಿಂದ ಒತ್ತಿದರೆ ಹಿಂದೆ ಬಿಳಿ ಉಪ್ಪು. ಮೂರನೆಯ ವರ್ಷ ಥಂಡಿ ಮೂರಡಿಯಿಂದ ಐದಡಿಗೆ ಏರಿತು. ಅತ್ತೆಯ ಮಂಚ ಆ ಗೋಡೆಗೇ ಒರಗಿತ್ತು. ಅವರಿಗೆ ಈಗ 84. ರಾತ್ರಿಯಿಡೀ ಕೆಮ್ಮು. ಮಂಚವನ್ನು ಹಾಲಿಗೆ ತಂದೆವು. ಆ ಕಾಂಟ್ರಾಕ್ಟರ್ ಆಮೇಲೆ ಫೋನ್ ತೆಗೆಯಲಿಲ್ಲ.

ಇನ್ನೊಬ್ಬರು ಬಂದು ನೋಡಿ, ಕೆಡವಿ ಮೂರು ಮಹಡಿ ಕಟ್ಟಿಸಿ ಎಂದರು. ಯಜಮಾನರ ಮನಸ್ಸು ಅತ್ತ ವಾಲಿತ್ತು. ಅವರ ಭಯಕ್ಕೂ ಕಾರಣ ಇತ್ತು. 1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ಜನ ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಭಾಗ ಬಿತ್ತು. ಎರಡೂ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ. ಹಳೆ ಕಟ್ಟಡ ಎಂದರೆ ಮೈಸೂರಿನವರಿಗೆ ಹೆಮ್ಮೆಯೂ ಹೌದು, ಎದೆ ಝಲ್ಲೆನ್ನುವ ವಿಷಯವೂ ಹೌದು. ಅದಕ್ಕೇ ಮೊದಲು ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್‌ಗೆ 15 ಸಾವಿರ ಕೊಟ್ಟು ಮನೆ ತೋರಿಸಿದೆವು. ಗೋಡೆ ಗಟ್ಟಿ ಇದೆ, ಎರಡು ತೊಲೆಗಳ ತುದಿ ಲಡ್ಡಾಗಿದೆ, ತಾರಸಿಯಿಂದ ನೀರು ಸೋರುವುದನ್ನು ನಿಲ್ಲಿಸಿ, ಮೇಲೆ ಇನ್ನಷ್ಟು ಕಾಂಕ್ರೀಟ್ ಹಾಕಿ ಭಾರ ಹೇರಬೇಡಿ ಎಂದು ಬರೆದುಕೊಟ್ಟರು. ಬಣ್ಣದ ಶೇಡ್ ಕಾರ್ಡ್ ನೋಡುವ ಮೊದಲು ಈ ಹಣ ಖರ್ಚು ಮಾಡಿ. ದಯವಿಟ್ಟು ಮಾಡಿ.

ಮೇಸ್ತ್ರಿ ಮೊದಲ ದಿನ ಬಂದಾಗ ಟೇಪ್ ತರಲಿಲ್ಲ. ಒಂದು ಚೊಂಬು ನೀರು ಕೇಳಿದರು. ದೇವರ ಮನೆಯ ಹಳೆ ಸುಣ್ಣದ ಗೋಡೆಯ ಮೇಲೆ ಅಂಗೈಯಲ್ಲಿ ನೀರು ಚಿಮುಕಿಸಿದರು. ಗೋಡೆ ಅಲ್ಲೇ ಕುಡಿಯಿತು. ಆಮೇಲೆ ಹಾಲಿನ ಸಿಮೆಂಟ್ ಗೋಡೆಗೆ ಚಿಮುಕಿಸಿದರು. ನೀರು ಜಾರಿ ನೆಲಕ್ಕೆ ಬಂತು.

"ನೋಡಿದ್ರಾ ಅಮ್ಮಾ, ಅದು ಕುಡಿಯುತ್ತೆ, ಬಿಸಿಲು ಬಂದಾಗ ಬಿಟ್ಟುಬಿಡುತ್ತೆ. ಇದು ಕುಡಿಯಲ್ಲ, ಆದ್ರೆ ಕೆಳಗಿಂದ ಹತ್ತಿದ್ದನ್ನ ಹೊರಗೂ ಬಿಡಲ್ಲ. ಪಾಪ, ನೀರು ಇನ್ನೆಲ್ಲಿ ಹೋಗ್ಬೇಕು? ಮೇಲಕ್ಕೇ ಹೋಗುತ್ತೆ."

ಐದು ವರ್ಷದಲ್ಲಿ ನನಗೆ ಯಾರೂ ಇಷ್ಟು ಸಲೀಸಾಗಿ ಹೇಳಿರಲಿಲ್ಲ. ನಮ್ಮ ಕಾಲದ ಅಡಿಪಾಯಕ್ಕೆ ಹಾಕುವ ಥಂಡಿ ತಡೆಯುವ ಪದರ ಆ ಕಾಲದ ಇಂಥ ಮನೆಗಳಲ್ಲಿ ಇಲ್ಲ. ನೆಲದ ತೇವ ಇಟ್ಟಿಗೆಯೊಳಗೆ ಹತ್ತುತ್ತದೆ, ಸುಣ್ಣದ ಗಾರೆಯ ಮೂಲಕ ಆರಿಹೋಗುತ್ತದೆ. 80 ವರ್ಷ ಹಾಗೇ ನಡೆದಿತ್ತು. ನಾವು ದುಡ್ಡು ಕೊಟ್ಟು ಅದಕ್ಕೆ ಪ್ಲಾಸ್ಟಿಕ್ ರೈನ್‌ಕೋಟ್ ತೊಡಿಸಿದ್ದೆವು. ಹೊರಗೂ ಅದೇ ತಪ್ಪು ಆಗಿತ್ತು. ಮನೆ ಸುತ್ತ ಹಾಕಿದ ಸಿಮೆಂಟ್ ಅಂಗಳ ಗೋಡೆಯ ಕಡೆಗೇ ಇಳಿಜಾರಾಗಿತ್ತು. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು, ರಸ್ತೆಯೇ ನಮ್ಮ ಅಂಗಳಕ್ಕಿಂತ ಎತ್ತರ ಆಗಿತ್ತು.

ಸಂಕ್ರಾಂತಿ ಆದ ಮೇಲೆ ಕೆಲಸ ಶುರು. ನಾವು ಕುವೆಂಪುನಗರದಲ್ಲಿ ಬಾಡಿಗೆ ಮನೆಗೆ ಹೋದೆವು. ನಾನು ಪ್ರತಿದಿನ ಬೆಳಿಗ್ಗೆ ಕಾಫಿ ಫ್ಲಾಸ್ಕ್ ಹಿಡಿದು ಬರುತ್ತಿದ್ದೆ. ಅವರು ಮೊದಲು ಮಾಡಿದ ಕೆಲಸ ಗೋಡೆಯಿಂದ ಎರಡಡಿ ಅಗಲಕ್ಕೆ ಸಿಮೆಂಟ್ ಅಂಗಳ ಒಡೆದದ್ದು. ಅಲ್ಲಿ ಒಂದೂವರೆ ಅಡಿ ಆಳ ತೋಡಿ, ಜಲ್ಲಿ ತುಂಬಿ, ನೀರು ಚರಂಡಿಗೆ ಹೋಗುವಂತೆ ಇಳಿಜಾರು ಕೊಟ್ಟರು. ನೋಡಲು ಏನೂ ಇಲ್ಲ. ಇಡೀ ರಿಪೇರಿಯಲ್ಲಿ ಅತ್ಯಂತ ಕಡಿಮೆ ಖರ್ಚಿನ ಕೆಲಸ ಇದು. ಗೋಡೆ ಒಣಗಿದ್ದಕ್ಕೆ ಅರ್ಧ ಕಾರಣ ಇದೇ ಎಂದು ನನ್ನ ನಂಬಿಕೆ.

ಹಿತ್ತಲಲ್ಲಿ ಸುಣ್ಣ ಅರಳಿಸಿದರು. ಸುಟ್ಟ ಸುಣ್ಣದ ಕಲ್ಲನ್ನು ಡ್ರಮ್ಮಿನ ನೀರಿಗೆ ಹಾಕಿದರೆ ನೀರು ಕೊತಕೊತ ಕುದಿಯುತ್ತದೆ. ಬೆಂಕಿ ಇಲ್ಲದೆ ಕುದಿಯುವುದನ್ನು ನೋಡಲು ಪಕ್ಕದ ಮನೆ ಮಕ್ಕಳೆಲ್ಲ ಬಂದಿದ್ದರು. ಮೇಸ್ತ್ರಿ ಅವರನ್ನು ದೂರ ನಿಲ್ಲಿಸಿದರು. ಕಣ್ಣಿಗೆ ಸಿಡಿದರೆ ಬಹಳ ಅಪಾಯ. ಕೆಲಸದವರಿಗೆ ಕೈಗವಸು, ಕನ್ನಡಕ ನಾವೇ ತಂದುಕೊಟ್ಟೆವು. ಅರಳಿದ ಸುಣ್ಣವನ್ನು ಸೋಸಿ, ಮೇಲೆ ನೀರು ನಿಲ್ಲಿಸಿ, ಮೂರು ವಾರ ಹಾಗೇ ಬಿಟ್ಟರು. ಬೆಣ್ಣೆಯ ಹಾಗಾಯಿತು. ಅಳಲೆಕಾಯಿ ಜಜ್ಜಿ, ಬೆಲ್ಲದ ಜೊತೆ ನೀರಲ್ಲಿ ನೆನೆಹಾಕಿ ಹುಳಿ ಬರಿಸಿದ್ದರು. ಗಾರೆ ಕಲಸುವಾಗ ಆ ನೀರು, ಮರಳು, ಇಟ್ಟಿಗೆ ಪುಡಿ. ಇಟ್ಟಿಗೆ ಪುಡಿ ಇದ್ದರೆ ತೇವದ ಜಾಗದಲ್ಲೂ ಗಾರೆ ಗಟ್ಟಿಯಾಗುತ್ತದಂತೆ. ಹಿತ್ತಲೆಲ್ಲ ಒಂದು ತಿಂಗಳು ಹುಳಿಬೆಲ್ಲದ ವಾಸನೆ.

ಸುಣ್ಣಕ್ಕೆ ಅವಸರ ಆಗುವುದಿಲ್ಲ. ಅದು ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗಬೇಕು. ಒಂದು ಪದರ ಹಚ್ಚಿ, ಅದು ಆರುವವರೆಗೆ ಕಾದು, ಒದ್ದೆ ಮಾಡಿ, ಮುಂದಿನ ಪದರ. ಬೇಸಿಗೆಯಲ್ಲಿ ಬೇಗ ಒಣಗಿ ಬಿರಿಯಬಾರದೆಂದು ಗೋಡೆಗೆ ಒದ್ದೆ ಗೋಣಿ ತಟ್ಟು ಇಳಿಬಿಟ್ಟಿದ್ದರು. ಮಳೆಗಾಲ ಬಂದಾಗಲೂ ಒಂದು ಕಡೆಯೂ ಬಿರಿದಿಲ್ಲ.

ತಾರಸಿಯ ಮೇಲಿನ ಹಳೆ ಗಾರೆ ಸಡಿಲ ಆಗಿದ್ದ ಕಡೆ ತೆಗೆದು, ಅಂಚಿನ ಗೋಡೆಯಲ್ಲಿ ಬೇರು ಬಿಟ್ಟಿದ್ದ ಅರಳಿ ಗಿಡವನ್ನು ಬುಡ ಸಮೇತ ಕಿತ್ತು, ಹೊಸದಾಗಿ ಇಟ್ಟಿಗೆ ಜಲ್ಲಿ ಗಾರೆ ಹಾಕಿದರು. ಅದನ್ನು ಮರದ ಹಲಗೆಯಿಂದ ಬಡಿಯಬೇಕು. ಮೂರು ದಿನ ಬಡಿದರು. ಟಪ್ ಟಪ್ ಸದ್ದು ರಸ್ತೆಯ ಕೊನೆಯವರೆಗೆ ಕೇಳುತ್ತಿತ್ತು. ಬಡಿದ ಹಾಗೆಲ್ಲ ಗಾರೆ ಕೂತು, ಹಲಗೆ ಮೇಲಕ್ಕೆ ಪುಟಿಯಲು ಶುರುವಾದ ಮೇಲೆ ಸಾಕು ಎಂದರು. ಮೇಲೆ ಚಪ್ಪಟೆ ಮಣ್ಣಿನ ಬಿಲ್ಲೆ. ಲಡ್ಡಾದ ಎರಡು ತೊಲೆಗಳನ್ನು ಕೆಳಗಿನಿಂದ ಜಾಕಿ ಕೊಟ್ಟು ಬದಲಿಸಿದರು. ತೊಲೆ ಹಳೆ ಮನೆ ಸಾಮಾನು ಮಾರುವ ಅಂಗಡಿಯಿಂದ ತಂದದ್ದು, ಯಾರದೋ ಕೆಡವಿದ ಮನೆಯ ತೇಗ. ತಾತ ಮಾಡಿದ ಹಾಗೆಯೇ ಆಯಿತು ಎಂದುಕೊಂಡೆ.

ನೆಲದ ವಿಷಯ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಈ ಮನೆಗೆ ಮದುವೆಯಾಗಿ ಬಂದ ದಿನ ನನ್ನ ಕಾಲಿಗೆ ಮೊದಲು ತಾಗಿದ್ದು ಆ ತಂಪು ಕೆಂಪು ನೆಲ. ಅಂಚಿಗೆ ಕಪ್ಪು ಪಟ್ಟಿ. ಹಾಲಿನ ನಡುವೆ ಎಂಟು ದಳದ ಹೂವು, ಅದೂ ಕಪ್ಪು. 2006ರಲ್ಲಿ ಎಲ್ಲರ ಮನೆಯಂತೆ ನಮ್ಮ ಹಾಲಿಗೂ ವಿಟ್ರಿಫೈಡ್ ಟೈಲ್ಸ್ ಬಂತು. ಬಿಳಿ, ಎರಡಡಿ ಚೌಕ. ನಾನು ಬೇಡ ಎಂದು ಜೋರಾಗಿ ಹೇಳಲಿಲ್ಲ. ಅದು ಇವತ್ತಿಗೂ ಮನಸ್ಸಿನಲ್ಲಿದೆ. ಈ ಸಲ ಟೈಲ್ಸ್ ಏಳಿಸಿದರೆ ಕೆಳಗೆ ಹೂವು ಸಿಗಬಹುದು ಎಂದು ಆಸೆ ಇತ್ತು. ಸಿಗಲಿಲ್ಲ. ಟೈಲ್ಸ್ ಹಿಡಿಯಲಿ ಎಂದು ಆಗ ಹಳೆ ನೆಲವನ್ನು ಉಳಿಯಿಂದ ಕಚ್ಚುಕಚ್ಚು ಮಾಡಿದ್ದರು. ಹೂವಿನ ಎರಡು ದಳ ಮಾತ್ರ ಅರೆಬರೆ ಕಂಡವು. ನಾನು ಅಲ್ಲೇ ಕೂತೆ. ಮೇಸ್ತ್ರಿ ಏನೂ ಹೇಳಲಿಲ್ಲ. ತಮ್ಮ ಮಗನನ್ನು ಕರೆದು, ಒಂದು ತೆಳು ಕಾಗದ ತರಿಸಿ, ಆ ಎರಡು ದಳದ ಅಳತೆ ತೆಗೆಸಿಕೊಂಡರು.

ನಡುಮನೆ ಮತ್ತು ದೇವರ ಮನೆಯ ನೆಲ ಹಾಗೇ ಇತ್ತು, ಬರೀ ಮಂಕಾಗಿತ್ತು. ವರ್ಷಗಟ್ಟಲೆ ಫಿನಾಯಿಲ್, ಆಸಿಡ್ ಹಾಕಿದ ಫಲ. ಅದನ್ನು ಕಿತ್ತುಹಾಕಿ ಹೊಸದು ಮಾಡುವುದು ಅವರಿಗೆ ಲಾಭ. ಆದರೂ ಬೇಡ ಎಂದರು. ನೀರು ಹಾಕಿ ನುಣ್ಣನೆಯ ಕಲ್ಲಿನಿಂದ ಉಜ್ಜಿ, ಬಿರುಕಿಗೆ ಅದೇ ಬಣ್ಣದ ಗಾರೆ ತುಂಬಿ, ಕೊಬ್ಬರಿ ಎಣ್ಣೆ ತಿಕ್ಕಿ, ಮೇಣ ಹಾಕಿದರು. ಚದರಡಿಗೆ 45 ರೂಪಾಯಿ. ಮೂರನೆಯ ದಿನ ಅತ್ತೆಯನ್ನು ಕರೆದುಕೊಂಡು ಬಂದೆ. ನಡುಮನೆಯ ಬಾಗಿಲಲ್ಲಿ ನಿಂತು, ಚಪ್ಪಲಿ ಬಿಟ್ಟು, ಒಂದು ಕಾಲಿಟ್ಟರು. "ಇದು ನಾನು ಬಂದಾಗ ಹೀಗೇ ಇತ್ತು ಕಣೇ" ಎಂದರು.

ಹಾಲಿಗೆ ಮಾತ್ರ ಹೊಸ ನೆಲ. 14 ಅಡಿಗೆ 18, ಒಟ್ಟು 252 ಚದರಡಿ. ಮೊದಲು ಬಣ್ಣ ಹೊಂದಿಸಬೇಕಿತ್ತು. ಅಂಗಡಿಯ ರೆಡ್ ಆಕ್ಸೈಡ್ ಪುಡಿ ಸಿಮೆಂಟಿಗೆ ಬೆರೆಸಿದರೆ ಒಂದೊಂದು ಅಳತೆಗೆ ಒಂದೊಂದು ಕೆಂಪು. ಮೇಸ್ತ್ರಿ ಆರು ಸ್ಟೀಲ್ ತಟ್ಟೆ ಕೇಳಿದರು. ಆರು ಅಳತೆಯಲ್ಲಿ ಕಲಸಿ, ತಟ್ಟೆಯಲ್ಲಿ ಹಚ್ಚಿ, ನಾಲ್ಕು ದಿನ ಒಣಗಿಸಿ, ಎಣ್ಣೆ ಸವರಿ, ನಡುಮನೆಯ ನೆಲದ ಪಕ್ಕ ಸಾಲಾಗಿ ಇಟ್ಟರು. ಒದ್ದೆ ಇರುವಾಗ ನೋಡಿ ಬಣ್ಣ ಆರಿಸಿದರೆ ಮೋಸ ಹೋಗುತ್ತೀರಿ, ಒಣಗಿದ ಮೇಲೆ ತಿಳಿಯಾಗುತ್ತದೆ. ನಾಲ್ಕನೆಯ ತಟ್ಟೆ ಹೊಂದಿತು. ಹಾಲಿಗೆ ಬೇಕಾದ ಅಷ್ಟೂ ಪುಡಿಯನ್ನು ಒಂದೇ ಸಲ ಒಣದಾಗಿ ಬೆರೆಸಿ, ಬಟ್ಟೆಯಲ್ಲಿ ಜರಡಿ ಹಿಡಿದು ಇಟ್ಟುಕೊಂಡರು. ಅರ್ಧ ದಾರಿಯಲ್ಲಿ ಮತ್ತೆ ಕಲಸಿದರೆ ಬಣ್ಣ ಬೇರೆ ಆಗುತ್ತದೆ.

ಹಾಕಿದ ದಿನ ಬೆಳಿಗ್ಗೆ ಆರಕ್ಕೆ ಬಂದರು. ಕಿಟಕಿ ಎಲ್ಲ ಮುಚ್ಚಿ, ಫ್ಯಾನ್ ಸ್ವಿಚ್ಚಿಗೆ ಟೇಪ್ ಸುತ್ತಿದರು. ಗಾಳಿ ಆಡಿದರೆ ಮೇಲ್ಪದರ ಬೇಗ ಒಣಗಿ ಕೂದಲೆಳೆ ಬಿರುಕು ಬರುತ್ತದೆ. ಹಿಂದಿನ ಗೋಡೆಯಿಂದ ಶುರು ಮಾಡಿ ಬಾಗಿಲ ಕಡೆಗೆ ಹಿಂದೆ ಹಿಂದೆ ಸರಿಯುತ್ತಾ ಬಂದರು. ಗಾರೆ ಬಿಗಿಯುವ ಹದ ನೋಡಿಕೊಂಡು ಕರಣೆಯಲ್ಲಿ ಒತ್ತಿ ಒತ್ತಿ ಎಳೆಯುವುದು. ಮೊದಲ ಸಲ ಎಳೆದಾಗ ಮಂಕು. ಐದಾರು ಸಲ ಆದ ಮೇಲೆ ಒಳಗಿಂದ ಹೊಳಪು ಬರುತ್ತದೆ. ರಾತ್ರಿ ಎಂಟೂವರೆಗೆ ಮುಗಿಯಿತು. ಊಟಕ್ಕೂ ಒಬ್ಬರಾದ ಮೇಲೆ ಒಬ್ಬರು ಎದ್ದರು. ಹೂವಿನ ಎಂಟು ದಳವನ್ನು ಮೇಸ್ತ್ರಿ ಒಬ್ಬರೇ ಮಾಡಿದರು, ಮಗನಿಗೂ ಬಿಡಲಿಲ್ಲ. ಮಾರನೆಯ ದಿನ ಸುತ್ತ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿದರು. ಹತ್ತು ದಿನ ಹಾಲಿನಲ್ಲಿ ಕೆರೆ. ಚದರಡಿಗೆ 180 ರೂಪಾಯಿಯಂತೆ 45,360 ಆಯಿತು. ಆ ಒಂದು ದಿನದ ಕೆಲಸ ನೋಡಿದ ನಾನು ಇದನ್ನು ದುಬಾರಿ ಎನ್ನಲಾರೆ.

ಕಿಟಕಿ ಬಾಗಿಲುಗಳ ಕೆಲಸ ಬೇರೆ ಆಚಾರ್ರು ಮಾಡಿದ್ದು. ತೇಗದ ಮೇಲೆ ಏಳು ಸುತ್ತು ಎನಾಮಲ್ ಪೇಂಟ್ ಇತ್ತು. ನಾನು ಎಣಿಸಿದೆ: ಹಸಿರು, ಮತ್ತೆ ಹಸಿರು, ನೀಲಿ, ಕೆನೆ, ಕಂದು, ಕಂದು, ಬಿಳಿ. ಇಲ್ಲೊಂದು ಎಚ್ಚರಿಕೆ. ಹಳೆ ಪೇಂಟ್‌ನಲ್ಲಿ ಸೀಸ ಇರಬಹುದು. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಪೇಂಟ್‌ನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಹಾಗಾಗಿ ಒಣ ಉಜ್ಜುಕಾಗದ ಹಾಕಿ ಧೂಳೆಬ್ಬಿಸಬೇಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರಂತೂ ಬೇಡವೇ ಬೇಡ. ನಾವು ಒದ್ದೆ ಮಾಡಿ ಹೆರೆಸಿದೆವು, ಎಲ್ಲರಿಗೂ ಮಾಸ್ಕ್, ಸಿಪ್ಪೆಯನ್ನೆಲ್ಲ ಚೀಲಕ್ಕೆ ಕಟ್ಟಿದೆವು.

ಪೇಂಟ್ ಹೋದ ಮೇಲೆ ಆಚಾರ್ರು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯುಂಡೆಯಲ್ಲಿ ಪಾಲಿಶ್ ಹಾಕುತ್ತಿದ್ದರು. ಅವತ್ತೂ ಅತ್ತೆ ಬಂದಿದ್ದರು. ಒಳಗೆ ಕಾಲಿಟ್ಟವರೇ ನಿಂತುಬಿಟ್ಟರು. "ನಿಮ್ಮ ಮಾವನ ಅಂಗಿ ವಾಸನೆ" ಎಂದರು. ನಮ್ಮ ಮಾವ ಮೈಸೂರು ಅರಗು ಮತ್ತು ಬಣ್ಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದದ್ದು. ಈಗ ಮೈಸೂರು ಪೇಂಟ್ಸ್ ಎಂದು ಹೆಸರು, ಚುನಾವಣೆಯ ಶಾಯಿ ಮಾಡುವುದು ಅಲ್ಲೇ. ಅತ್ತೆ ಮದುವೆಯಾಗಿ ಬಂದದ್ದು 1961ರಲ್ಲಿ. ಮರುವರ್ಷದ ಚುನಾವಣೆಗೇ ಆ ಶಾಯಿ ಮೊದಲ ಸಲ ಹಚ್ಚಿದ್ದು. ಆ ಸಂಜೆಯೆಲ್ಲ ಅತ್ತೆ ಒಂದು ಮರದ ಪೆಟ್ಟಿಗೆಯ ಮೇಲೆ ಕೂತು, ಹಳೆಯದನ್ನು ಹೇಳುತ್ತಾ, ಪಾಲಿಶ್ ಹಾಕುವುದನ್ನೇ ನೋಡಿದರು. ಮಾವ ಹೋಗಿ ಹದಿನಾರು ವರ್ಷ ಆಗಿದೆ.

ವೈರಿಂಗ್ ಪೂರ್ತಿ ಹೊಸದು. ಗೋಡೆ ಕೊರೆಯದೆ ಮೇಲೆಯೇ ಪೈಪ್ ಓಡಿಸಿದರು, ಅರ್ಥಿಂಗ್ ಹೊಸದು, ಕರೆಂಟ್ ಸೋರಿದರೆ ತಕ್ಷಣ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಹಾಕಿಸಿದೆವು. ಬಚ್ಚಲುಮನೆಗೆ ಸುಣ್ಣದ ಗಾರೆ ಬೇಡ ಎಂದು ಮೇಸ್ತ್ರಿಯೇ ಹೇಳಿದರು. ಅಲ್ಲಿ ಸಿಮೆಂಟ್, ಟೈಲ್ಸ್, ಜಾರದ ನೆಲ, ಅತ್ತೆಗೆ ಹಿಡಿದುಕೊಳ್ಳಲು ಸ್ಟೀಲ್ ಹಿಡಿ. ಹಂಡೆಯನ್ನು ಮಾತ್ರ ನಾನು ಕೊಡಲಿಲ್ಲ. ಅದು ಈಗ ಅಂಗಳದಲ್ಲಿ ತಾವರೆ ಕುಂಡ.

ಇನ್ನು ಕೊರತೆಗಳು. ಹೊಗಳಿಕೆ ಮಾತ್ರ ಬರೆದರೆ ಓದಿದವರಿಗೆ ಉಪಯೋಗ ಇಲ್ಲ.

ಸಮಯ. ನಾಲ್ಕು ತಿಂಗಳು ಎಂದಿದ್ದರು, ಆರು ತಿಂಗಳು ಆಯಿತು. ಏಪ್ರಿಲ್‌ನಲ್ಲಿ ಊರಹಬ್ಬ ಎಂದು ಎಂಟು ದಿನ ಬರಲಿಲ್ಲ, ಮೊದಲೇ ಹೇಳಲೂ ಇಲ್ಲ. ಕೊನೆಯಲ್ಲಿ ಆಷಾಢ ಬಂತು. ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಹೋಗಬೇಕು ಎಂದು ರಜೆ. ಅದಕ್ಕೆ ನಾನು ಏನೂ ಅನ್ನಲಾರೆ, ನಾನೂ ಹೋಗುತ್ತೇನೆ. ಆದರೆ ಬಾಡಿಗೆ ಮನೆಗೆ ತಿಂಗಳಿಗೆ 16 ಸಾವಿರದಂತೆ ಏಳು ತಿಂಗಳು ಕಟ್ಟಿದೆವು. 1 ಲಕ್ಷ 12 ಸಾವಿರ. ಇದನ್ನು ಬಜೆಟ್ಟಿನಲ್ಲಿ ಸೇರಿಸಿರಲಿಲ್ಲ. ನೀವು ಸೇರಿಸಿ.

ಲೆಕ್ಕ. ಬರವಣಿಗೆ ಏನೂ ಇಲ್ಲ, ಎಲ್ಲ ಬಾಯಿ ಮಾತು. ಮೋಸ ಮಾಡುವವರಲ್ಲ. ಆದರೂ ಎರಡು ಸಲ ಕೂಲಿ ಲೆಕ್ಕದಲ್ಲಿ ಗೊಂದಲ ಆಗಿ ಇಬ್ಬರಿಗೂ ಬೇಜಾರಾಯಿತು. ಆಮೇಲೆ ನಾನು ಒಂದು ನೋಟ್‌ಬುಕ್ ಇಟ್ಟು, ಪ್ರತಿ ಶನಿವಾರ ಬರೆದು, ಅವರಿಂದ ಸಹಿ ಹಾಕಿಸಿದೆ. ಮೊದಲ ದಿನದಿಂದಲೇ ಹೀಗೆ ಮಾಡಬೇಕಿತ್ತು.

ಕೆಲಸದಲ್ಲೇ ಇರುವ ಕೊರತೆ ಮೂರು. ಹಾಲಿನ ಹೊಸ ನೆಲದಲ್ಲಿ ಅಡುಗೆಮನೆ ಬಾಗಿಲ ಹತ್ತಿರ ಒಂದು ಕೂದಲೆಳೆ ಬಿರುಕು ಬಂದಿದೆ, ಸುಮಾರು ಎರಡು ಗೇಣು. ನೆಲದ ನಡುವೆ ಗಾಜಿನ ಪಟ್ಟಿ ಇಟ್ಟು ಭಾಗ ಮಾಡಿದರೆ ಹೀಗಾಗುವುದು ಕಡಿಮೆ ಎಂದು ಮೇಸ್ತ್ರಿ ಹೇಳಿದ್ದರು. ಹಳೆ ನೆಲದಲ್ಲಿ ಪಟ್ಟಿ ಇರಲಿಲ್ಲ ಎಂದು ನಾನೇ ಬೇಡ ಎಂದೆ. ಎರಡನೆಯದು, ಸುಣ್ಣ ಬಳಿದ ಗೋಡೆಗೆ ಒರಗಿದರೆ ಬಟ್ಟೆಗೆ ಬಿಳಿ ಅಂಟುತ್ತದೆ. ಮೊದಲ ಆರು ತಿಂಗಳು ಬಹಳ ಇತ್ತು, ಈಗ ಕಡಿಮೆ, ಆದರೆ ಪೂರ್ತಿ ಹೋಗಿಲ್ಲ. ಗೋಡೆಯ ಮೇಲೆ ಕಲೆ ಬಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸುವ ಹಾಗೂ ಇಲ್ಲ. ಚಿಕ್ಕ ಮಕ್ಕಳಿರುವ ಮನೆಯವರು ಯೋಚಿಸಿ. ಮೂರನೆಯದು, ಉತ್ತರದ ಗೋಡೆಯ ಬುಡದಲ್ಲಿ ಮೊದಲ ವರ್ಷ ಒಂದಡಿ ಎತ್ತರಕ್ಕೆ ಬಿಳಿ ಉಪ್ಪು ಮತ್ತೆ ಕಾಣಿಸಿತು. ನನಗೆ ಎದೆ ಒಡೆದಂತಾಯಿತು. ಮೇಸ್ತ್ರಿ ಬಂದು ನೋಡಿ, ಒಳಗೆ ವರ್ಷಗಟ್ಟಲೆ ಸೇರಿದ್ದು ಹೊರಗೆ ಬರುತ್ತಿದೆ, ನೀರು ಮುಟ್ಟಿಸಬೇಡಿ, ಒಣ ಬ್ರಷ್‌ನಲ್ಲಿ ಗುಡಿಸಿ ಎಂದರು. ಮೂರು ಸಲ ಗುಡಿಸಿದೆ. ಈ ವರ್ಷ ಮೇ ಮಳೆಯಲ್ಲಿ ಒಂದು ಅಂಗೈ ಅಗಲ ಬಂತು. ಅಕ್ಟೋಬರ್‌ನಲ್ಲಿ ಬರಲಿಲ್ಲ. ಕರೆದಾಗ ಬಂದು ನೋಡಿದರಲ್ಲ, ಅದಕ್ಕೆ ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ.

ಒಟ್ಟು ಖರ್ಚು, ಬಾಡಿಗೆ ಬಿಟ್ಟು, 17 ಲಕ್ಷ 40 ಸಾವಿರ. ಒಳಗಿನ ಸುಣ್ಣದ ಪ್ಲಾಸ್ಟರ್ ಚದರಡಿಗೆ 110ರಂತೆ 2,600 ಚದರಡಿ. ಸಿಮೆಂಟ್ ಪ್ಲಾಸ್ಟರಿಗಿಂತ ಜಾಸ್ತಿಯೇ. ಆದರೆ 2019ರಲ್ಲಿ ಸುರಿದ 2 ಲಕ್ಷ 80 ಸಾವಿರವನ್ನೂ, ಅದನ್ನು ಕೆತ್ತಿ ತೆಗೆಯಲು ಈ ಸಲ ಕೊಟ್ಟ 60 ಸಾವಿರವನ್ನೂ ಪಕ್ಕದಲ್ಲಿ ಬರೆದು ನೋಡಿದರೆ ನನ್ನ ಉತ್ತರ ಸ್ಪಷ್ಟ. ಸುಣ್ಣದಲ್ಲಿ ಕಟ್ಟಿದ ಮನೆ ಇದ್ದರೆ ಸುಣ್ಣ ಗೊತ್ತಿರುವವರನ್ನೇ ಕರೆಯಿರಿ. 1980ರ ಈಚೆ ಸಿಮೆಂಟಿನಲ್ಲಿ ಕಟ್ಟಿದ ಮನೆಯಾದರೆ ಇದರಲ್ಲಿ ಅರ್ಧ ನಿಮಗೆ ಬೇಕಾಗುವುದಿಲ್ಲ.

ನೆಲ ನೋಡಿಕೊಳ್ಳುವುದು ಹೇಗೆ ಎಂದು ಬಂದವರೆಲ್ಲ ಕೇಳುತ್ತಾರೆ. ದಿನಾ ಬರೀ ನೀರಲ್ಲಿ ಒರೆಸುತ್ತೇವೆ. ವಾರಕ್ಕೊಮ್ಮೆ ಬಕೆಟ್ ನೀರಿಗೆ ನಾಲ್ಕೈದು ಹನಿ ಕೊಬ್ಬರಿ ಎಣ್ಣೆ. ಫಿನಾಯಿಲ್ ಬಾಟಲಿಯನ್ನು ಬಚ್ಚಲುಮನೆಯಿಂದ ಈಚೆ ತರುವುದಿಲ್ಲ. ನಿಂಬೆಹಣ್ಣು, ಹುಣಸೆ ರಸ ಚೆಲ್ಲಿದರೆ ತಕ್ಷಣ ಒರೆಸಬೇಕು, ಇಲ್ಲದಿದ್ದರೆ ಕಲೆ ಉಳಿಯುತ್ತದೆ. ಒಂದು ಕಡೆ ಸಾರು ಚೆಲ್ಲಿದ ಗುರುತು ಇದೆ, ಊಟದ ಮೇಜಿನ ಕೆಳಗೆ.

ಅತ್ತೆಯ ಮಂಚ ಮತ್ತೆ ಉತ್ತರದ ಗೋಡೆಯ ಪಕ್ಕಕ್ಕೆ ಹೋಯಿತು. ಅವರೇ ಹಟ ಮಾಡಿ ಹಾಕಿಸಿಕೊಂಡರು. ಮೇಸ್ತ್ರಿಯ ತಂಡ ಈಗ ಕೃಷ್ಣಮೂರ್ತಿಪುರಂನಲ್ಲಿ ಒಂದು ಮನೆ ಹಿಡಿದಿದೆ, ಯುಗಾದಿವರೆಗೆ ಬಿಡುವಿಲ್ಲ. ಅವರ ಕೆಲಸ ಕಣ್ಣಾರೆ ನೋಡಬೇಕು ಎನ್ನುವ ಮೈಸೂರಿನವರು ಇಲ್ಲೇ ನನಗೆ ಬರೆಯಿರಿ, ಭಾನುವಾರ ಸಂಜೆ ಬನ್ನಿ. ಚಪ್ಪಲಿ ಜಗಲಿಯಲ್ಲೇ ಬಿಟ್ಟು ಒಳಗೆ ಬನ್ನಿ.